ಅಪ್‌ಡೇಟ್: ಕೊನೆಗೆ ಎಎಂ5 ತಗೊಂಡೆ

ಹೊಸ ಪಿಸಿಗೆ ಇಂಟೆಲ್ ಎಲ್‌ಜಿಎ 1700 ತಗೊಳ್ಳಲಾ, ಎಎಂಡಿ ಎಎಂ5 ತಗೊಳ್ಳಲಾ (ಎರಡೂ ಬೋರ್ಡ್ ಮೇಲೆ ಪ್ರೊಸೆಸರ್ ಕೂರುವ ಸಾಕೆಟ್‌ಗಳು) ಅಂತ ಕೇಳಿದ್ದೆ ಅಲ್ವಾ? ಎಎಂ5ನ ರೈಜೆನ್ 7 9700ಎಕ್ಸ್ ಪ್ರೊಸೆಸರ್ ಮತ್ತು ಒಂದು ಬಿ650 ಮದರ್‌ಬೋರ್ಡ್ ತಗೊಂಡೆ.

ಹಳೇ ಡಿಡಿಆರ್4 ರ‍್ಯಾಮ್ ಉಳಿಸಿಕೊಳ್ಳಿ ಅನ್ನೋ ಸಲಹೆ ಇಲ್ಲಿ ನಡೆಯಲಿಲ್ಲ. ಎಎಂ5ಗೆ ಹೊಸ ತಲೆಮಾರಿನ ಡಿಡಿಆರ್5 ಮಾತ್ರ. ಎಲ್‌ಜಿಎ 1700ರಲ್ಲಾದರೆ ಡಿಡಿಆರ್4 ಬೋರ್ಡ್ ಸಿಗುತ್ತದೆ, ಆದರೆ ಇಂಟೆಲ್ ಆಗಲೇ ಹೊಸ ಸಾಕೆಟ್ ಎಲ್‌ಜಿಎ 1851ಕ್ಕೆ ಹೋಗಿದೆ, ಅದರ ಪ್ರೊಸೆಸರ್‌ಗಳು 1700ರಲ್ಲಿ ಕೂರಲ್ಲ. ಮುಂದೆ ಪ್ರೊಸೆಸರ್ ಮಾತ್ರ ಬದಲಿಸುವ ಆಸೆ ನನಗೆ, ಹಾಗಾಗಿ 1700 ಬೇಡವಾಯಿತು.

ನಿಜಕ್ಕೂ ಕೆಲಸಕ್ಕೆ ಬಂದಿದ್ದು 'ಬಯೋಸ್ ಫ್ಲ್ಯಾಶ್‌ಬ್ಯಾಕ್ ಬಟನ್ ಇರೋ ಬೋರ್ಡೇ ನೋಡಿ' ಅಂದವರ ಮಾತು. ಪಿಸಿ ಶುರುವಾಗದಿದ್ದರೂ ಬಯೋಸ್ (ಬೋರ್ಡ್ ಶುರುವಾಗಲು ಬೇಕಾದ ಒಳಗಿನ ತಂತ್ರಾಂಶ) ಹೊಸದು ಮಾಡೋ ಬಟನ್ ಅದು. ಬೋರ್ಡ್‌ನಲ್ಲಿದ್ದ ಬಯೋಸ್ ಹಳೇದು, 9000 ಸರಣಿಯ ಪ್ರೊಸೆಸರ್ ಅದಕ್ಕೆ ಗೊತ್ತೇ ಇಲ್ಲ. ಪೆನ್‌ಡ್ರೈವನ್ನು ಫ್ಯಾಟ್32 ಮಾದರಿಯಲ್ಲಿ ಫಾರ್ಮ್ಯಾಟ್ ಮಾಡಿ, ಹೊಸ ಬಯೋಸ್ ಫೈಲನ್ನು ಅದಕ್ಕೆ ಹಾಕಿ, ಆ ಫೈಲಿಗೆ ಮ್ಯಾನುಯಲ್‌ನಲ್ಲಿ ಹೇಳಿದ ಹೆಸರಿಟ್ಟು, ಗುರುತು ಹಾಕಿದ ಪೋರ್ಟಿಗೆ ಸಿಕ್ಕಿಸಿ ಬಟನ್ ಒತ್ತಿದೆ. ಲೈಟ್ ಮಿಣುಕಿ ಮಿಣುಕಿ ನಿಂತಿತು, ಅಷ್ಟೇ.

ಆಮೇಲೂ ಸ್ಕ್ರೀನ್ ಕಪ್ಪು! ಗಾಬರಿ ಬೀಳಬೇಡಿ. ಮೊದಲ ಸಲ ಆನ್ ಮಾಡಿದಾಗ ಬೋರ್ಡ್ ರ‍್ಯಾಮ್ ಪರೀಕ್ಷಿಸಿ ಹೊಂದಿಸಿಕೊಳ್ಳುತ್ತದೆ, ಕೆಲವು ನಿಮಿಷ ಬೇಕು. ಸುಮ್ನೆ ಬಿಟ್ಟುಬಿಡಿ.

ಇನ್ನೊಂದು, ನಾಲ್ಕು ರ‍್ಯಾಮ್ ಸ್ಟಿಕ್ ಹಾಕಿದರೆ ರ‍್ಯಾಮಿನ ಅಧಿಕೃತ ವೇಗ ಡಿಡಿಆರ್5-3600ಕ್ಕೆ ಇಳಿಯುತ್ತದೆ. ಜಾಸ್ತಿ ರ‍್ಯಾಮ್ ಬೇಕಿದ್ದರೆ ಎರಡೇ ದೊಡ್ಡ ಸ್ಟಿಕ್ ತಗೊಳ್ಳಿ.