ಪೈಥಾನ್‌ನಿಂದ ಜಾವಾದ ಮೂರು ಚುಕ್ಕಿಯ ಮೆಥಡ್‌ಗಳನ್ನು ಕರೆಯುವುದು ಹೇಗೆ?

ಪ್ರಶ್ನೆ (ದಾವಣಗೆರೆ):
ಮಾನ್ಯರೇ, ಇಲ್ಲಿನ ಮೆಕ್ಕೆಜೋಳದ ದಲಾಲಿ ಅಂಗಡಿಯೊಂದರ ಲೆಕ್ಕದ ಚೀಟಿ ಮುದ್ರಿಸುವ ಹಳೆಯ ಜಾವಾ ಕೋಡನ್ನು ಹಾಗೆಯೇ ಉಳಿಸಿಕೊಂಡು, ಪೈಥಾನ್‌ನಿಂದ ಜಾವಾ ಕೋಡನ್ನು ಕರೆಯಲು ಬಿಡುವ ಪೈ4ಜೆ ಎಂಬ ಲೈಬ್ರರಿಯ ಮೂಲಕ ಪೈಥಾನ್‌ನಿಂದ ಬಳಸುತ್ತಿದ್ದೇವೆ. ಉಳಿದೆಲ್ಲ ಮೆಥಡ್‌ಗಳು ನಡೆಯುತ್ತವೆ. ಆದರೆ ಚೀಟಿಯ ಸಾಲು ಕಟ್ಟುವ ಮೆಥಡ್ ಮೊದಲು ನಮೂನೆಯ ಸ್ಟ್ರಿಂಗನ್ನೂ ಅನಂತರ ಎಷ್ಟು ಬೇಕಾದರೂ ಆಬ್ಜೆಕ್ಟ್‌ಗಳನ್ನೂ ತೆಗೆದುಕೊಳ್ಳುವಂಥದ್ದು (ಜಾವಾದಲ್ಲಿ ಬಗೆಯ ಹೆಸರಿನ ಮುಂದೆ ಮೂರು ಚುಕ್ಕಿ ಹಾಕಿ ಬರೆಯುವಂಥದ್ದು); ಅದಕ್ಕೆ ರೈತರ ಹೆಸರು, ಕ್ವಿಂಟಲ್, ದರ ಕೊಟ್ಟು ಕರೆದರೆ ಅಂಥ ಮೆಥಡೇ ಇಲ್ಲವೆಂಬ ದೋಷ ಬರುತ್ತದೆ. ಲಿಸ್ಟ್‌ಗಳನ್ನು ತಾನಾಗಿ ಪರಿವರ್ತಿಸುವ ಆಯ್ಕೆಯನ್ನು ಇಟ್ಟುಕೊಂಡು ಲಿಸ್ಟ್ ಕೊಟ್ಟರೂ ಅದೇ ಉತ್ತರ. ಜಾವಾದೊಳಗೆ ನಡೆಯುವ ಕರೆ ಇಲ್ಲೇಕೆ ನಡೆಯುವುದಿಲ್ಲ?

ಉತ್ತರ:
2004ರಲ್ಲಿ ಜಾವಾ 5ರೊಂದಿಗೆ ಬಂದ ಈ ಮೂರು ಚುಕ್ಕಿಯ ಸೌಲಭ್ಯ ಬಹುಮಟ್ಟಿಗೆ ಕಂಪೈಲರ್ ಮಾಡಿಕೊಡುವ ಉಪಕಾರ. ನೀವು ಬಿಡಿಬಿಡಿಯಾಗಿ ಬರೆದ ಆರ್ಗ್ಯುಮೆಂಟ್‌ಗಳನ್ನು ಕಂಪೈಲರ್ ಒಂದು ಅರೇಯೊಳಗೆ (ನಿಗದಿತ ಸ್ಥಾನಗಳ ಸಾಲಿನೊಳಗೆ) ತುಂಬಿ ಕೊಡುತ್ತದೆ; ಕಂಪೈಲ್ ಆದ ಬೈಟ್‌ಕೋಡ್‌ನಲ್ಲಿರುವ ಮೆಥಡ್ ಸ್ಟ್ರಿಂಗ್ ಒಂದು, ಆಬ್ಜೆಕ್ಟ್ ಅರೇ ಒಂದು, ಹೀಗೆ ಎರಡನ್ನೇ ಪಡೆಯುತ್ತದೆ. ನಿಮ್ಮ ಕರೆ ಕಂಪೈಲರ್‌ನ ಕೈಗೆ ಸಿಗದೆ ನೇರವಾಗಿ ಜೆವಿಎಂ (ಬೈಟ್‌ಕೋಡನ್ನು ನಡೆಸುವ ಜಾವಾದ ಯಂತ್ರ) ತಲುಪುವುದರಿಂದ, ನಾಲ್ಕು ಆರ್ಗ್ಯುಮೆಂಟ್‌ಗಳ ಮೆಥಡನ್ನು ಹುಡುಕಿದ ಪೈ4ಜೆಗೆ ಅದು ಸಿಗುವುದಿಲ್ಲ. ಲಿಸ್ಟ್ ಪರಿವರ್ತನೆಯಾದಾಗ ಅದು ಜಾವಾದ ಲಿಸ್ಟ್ ಆಗುತ್ತದೆಯೇ ಹೊರತು ಅರೇ ಆಗುವುದಿಲ್ಲ. ಆದ್ದರಿಂದ ಪೈಥಾನ್ ಕಡೆಯಿಂದ ಜಾವಾ ತಲುಪಿಸುವ ಪೈ4ಜೆಯ ಗೇಟ್‌ವೇಯ ನ್ಯೂ_ಅರೇ ಬಳಸಿ ಮೂರು ಸ್ಥಾನಗಳ ಆಬ್ಜೆಕ್ಟ್ ಅರೇ ಮಾಡಿ, ಒಂದೊಂದನ್ನೂ ತುಂಬಿ, ಅದನ್ನೇ ಎರಡನೆಯ ಆರ್ಗ್ಯುಮೆಂಟ್ ಆಗಿ ಕೊಡಿ. ಕೊಡಲು ಏನೂ ಇಲ್ಲದಿದ್ದರೂ ಸೊನ್ನೆ ಉದ್ದದ ಅರೇ ಬೇಕೇ ಬೇಕು. ಮೆಥಡ್‌ನಲ್ಲಿ ಚುಕ್ಕಿಗಳಿಗೆ ಮೊದಲು ಸ್ಟ್ರಿಂಗ್ ಎಂದಿದ್ದರೆ ಅರೇಯೂ ಸ್ಟ್ರಿಂಗ್‌ನದ್ದೇ ಆಗಿರಬೇಕು.

ಪ್ರಶ್ನೆ ಕೇಳಿದವರು:
ಧನ್ಯವಾದಗಳು, ಈಗ ನಡೆಯುತ್ತಿದೆ. ಆದರೆ ದರ 2150.50 ಇದ್ದ ಸಾಲು ಬರುತ್ತದೆ, ಬರಿಯ 2150 ಇದ್ದ ಸಾಲು ಮಾತ್ರ ದೋಷ ಕೊಡುತ್ತದೆ. ನಮೂನೆಯಲ್ಲಿ ದರಕ್ಕೆ ಎರಡು ದಶಮಾಂಶದ ಎಫ್ ಗುರುತಿದೆ (%.2f).

ಉತ್ತರ (ಚಿತ್ರದುರ್ಗ):
ಇದು ಅರೇಗೆ ಸಂಬಂಧಿಸಿದ್ದಲ್ಲ. ಪೈಥಾನ್‌ನ ಫಾರ್ಮ್ಯಾಟ್ ಪೂರ್ಣಾಂಕವನ್ನೂ ಎಫ್ ಗುರುತಿಗೆ ಒಪ್ಪಿಕೊಳ್ಳುತ್ತದೆ, ಜಾವಾ ಒಪ್ಪುವುದಿಲ್ಲ. ಪೈ4ಜೆ ನಿಮ್ಮ 2150 ಅನ್ನು ಇಂಟಿಜರ್ ಆಗಿ ಕಳುಹಿಸಿರುವುದರಿಂದ ಎಫ್‌ಗೂ ಇಂಟಿಜರ್‌ಗೂ ಹೊಂದುವುದಿಲ್ಲವೆಂಬ ದೋಷ ಬರುತ್ತದೆ. ಆಬ್ಜೆಕ್ಟ್ ಅರೇ ಯಾವ ಬಗೆಯ ವಸ್ತುವನ್ನಾದರೂ ಸುಮ್ಮನೆ ಒಳಗೆ ಬಿಟ್ಟುಕೊಳ್ಳುವ ಕಾರಣ ತುಂಬುವಾಗ ಯಾರೂ ತಡೆಯುವುದಿಲ್ಲ. ದರವನ್ನು ಪೈಥಾನ್‌ನಲ್ಲೇ ಡೆಸಿಮಲ್ ಮಾಡಿಕೊಂಡರೆ ಅದು ಜಾವಾದ ನಿಖರ ದಶಮಾಂಶ ಬಗೆಯಾದ ಬಿಗ್‌ಡೆಸಿಮಲ್ ಆಗಿ ತಲುಪುತ್ತದೆ. ಹಣದ ಲೆಕ್ಕಕ್ಕೆ ಫ್ಲೋಟ್‌ಗಿಂತ ಅದೇ ವಾಸಿ.

ಇನ್ನೊಂದು ಮಾತು. ಅರೇಯ ಒಂದೊಂದು ಸ್ಥಾನ ತುಂಬುವುದೂ ಪೈಥಾನ್ ಮತ್ತು ಜಾವಾ ನಡುವಿನ ಸಾಕೆಟ್ ಸಂಪರ್ಕದಲ್ಲಿ ಹೋಗಿ ಬರುವ ಒಂದು ಕರೆ. ಸುಗ್ಗಿಯ ದಿನಗಳಲ್ಲಿ ಸಾವಿರಾರು ಚೀಟಿಗಳಿದ್ದರೆ, ಹೆಸರು, ತೂಕ, ದರ ಈ ಮೂರನ್ನೇ ಪಡೆದು ಒಳಗಿನಿಂದ ಹಳೆಯ ಮೆಥಡನ್ನು ಕರೆಯುವ ಪುಟ್ಟ ಮೆಥಡೊಂದನ್ನು ಜಾವಾದ ಕಡೆಯೇ ಬರೆಯಿರಿ. ಅರೇ ಕಟ್ಟುವ ಕೆಲಸವನ್ನು ಆಗ ಕಂಪೈಲರೇ ನೋಡಿಕೊಳ್ಳುತ್ತದೆ, ದರದ ಬಗೆಯನ್ನೂ ಅಲ್ಲೇ ನಿಗದಿಪಡಿಸಬಹುದು.