ಸಹಾಯ ಬೇಕು: ಮಹಾಪ್ರಬಂಧದ ಅಧ್ಯಾಯವನ್ನು ಸಂಶೋಧನಾ ಲೇಖನವಾಗಿಸುವುದು ಹೇಗೆ?

ಎಲ್ಲರಿಗೂ ನಮಸ್ಕಾರ. ನನ್ನ ಪಿಎಚ್‌.ಡಿ. ಮಹಾಪ್ರಬಂಧದ ಒಂದು ಅಧ್ಯಾಯವನ್ನು ಸಂಶೋಧನಾ ನಿಯತಕಾಲಿಕೆಗೆ ಕಳುಹಿಸಿದ್ದೆ. ಅದು ವಿಷಯತಜ್ಞರ ಪರಿಶೀಲನೆಯವರೆಗೂ ಹೋಗದೆ, ‘ಲೇಖನದ ಹೊಸ ಕೊಡುಗೆ ಸ್ಪಷ್ಟವಾಗಿಲ್ಲ’ ಎಂಬ ಒಂದೇ ಸಾಲಿನೊಂದಿಗೆ ಸಂಪಾದಕರ ಹಂತದಲ್ಲಿಯೇ ಹಿಂದಿರುಗಿತು. ಬೇಸರವಾದರೂ, ಮತ್ತೆ ಓದಿದಾಗ ಆ ಮಾತು ನಿಜವೆನಿಸಿತು.

ಪೀಠಿಕೆ, ವಿಧಾನ, ಫಲಿತಾಂಶ, ಚರ್ಚೆ ಎಂಬ ಚೌಕಟ್ಟು ನನಗೆ ತಿಳಿದಿದೆ. ನಡುವಿನ ಎರಡು ಭಾಗಗಳು ಅಷ್ಟೇನೂ ಕಷ್ಟವಾಗಲಿಲ್ಲ. ತೊಡಕಿರುವುದು ಪೀಠಿಕೆಯಲ್ಲಿ. ಹಿಂದಿನ ಅಧ್ಯಯನಗಳನ್ನು ‘ಇವರು ಹೀಗೆಂದರು, ಅವರು ಹಾಗೆಂದರು’ ಎಂದು ಒಂದರ ಮೇಲೊಂದು ಪೇರಿಸುತ್ತ ಹೋಗಿದ್ದರಿಂದ, ನನ್ನ ಸಂಶೋಧನಾ ಪ್ರಶ್ನೆ ಐದನೆಯ ಪುಟದ ಕೊನೆಯ ಪ್ಯಾರಾದಲ್ಲಷ್ಟೇ ಕಾಣಿಸಿಕೊಳ್ಳುತ್ತದೆ. ಭಾಷಾವಿಜ್ಞಾನಿ ಜಾನ್ ಸ್ವೇಲ್ಸ್ 1990ರಲ್ಲಿ ವಿವರಿಸಿದ ಮೂರು ನಡೆಗಳ ಮಾದರಿಯನ್ನು, ಅಂದರೆ ಕ್ಷೇತ್ರದ ಮಹತ್ವವನ್ನು ಹೇಳಿ, ಅಲ್ಲಿ ಉಳಿದಿರುವ ಕೊರತೆಯನ್ನು ತೋರಿಸಿ, ಅದನ್ನು ತನ್ನ ಅಧ್ಯಯನ ಹೇಗೆ ತುಂಬುತ್ತದೆಂದು ತಿಳಿಸುವ ಕ್ರಮವನ್ನು, ಅನುಸರಿಸಿ ಈಗ ಎರಡು ಪುಟಗಳಿಗೆ ಇಳಿಸಿದ್ದೇನೆ. ಆದರೂ ಎರಡನೆಯ ನಡೆ ಸಡಿಲವಾಗಿದೆ. ‘ಈ ಕುರಿತು ಹೆಚ್ಚು ಅಧ್ಯಯನ ನಡೆದಿಲ್ಲ’ ಎಂದಷ್ಟೇ ಬರೆದರೆ ಅದು ಕೊರತೆಯ ನಿರೂಪಣೆಯಾಗುವುದಿಲ್ಲ ಎಂಬುದು ನನಗೂ ಮನವರಿಕೆಯಾಗಿದೆ.

ಚರ್ಚೆಯ ಭಾಗದಲ್ಲಿ ಫಲಿತಾಂಶಗಳನ್ನೇ ಮತ್ತೆ ಹೇಳದೆ ಅವುಗಳ ಅರ್ಥವನ್ನು ಎಷ್ಟರಮಟ್ಟಿಗೆ ವಿಸ್ತರಿಸಬಹುದು? ಒಂದೇ ಲೇಖನವನ್ನು ಏಕಕಾಲಕ್ಕೆ ಎರಡು ಕಡೆ ಕಳುಹಿಸಬಾರದೆಂದು ಬಲ್ಲೆ. ಆದರೆ ಮಹಾಪ್ರಬಂಧದಿಂದ ಆಯ್ದುಕೊಂಡಿರುವುದನ್ನು ಸಂಪಾದಕರಿಗೆ ಬರೆಯುವ ಪತ್ರದಲ್ಲಿ ಹೇಗೆ ತಿಳಿಸಬೇಕು?

ಲೇಖನ ಪ್ರಕಟಿಸಿದ ಅನುಭವವಿರುವವರು ಯಾರಾದರೂ ನನ್ನ ಎರಡು ಪುಟಗಳ ಪೀಠಿಕೆಯನ್ನು ಓದಿ, ವಾದ ಎಲ್ಲಿ ಕಡಿದುಹೋಗುತ್ತಿದೆ ಎಂದು ಗುರುತು ಹಾಕಿಕೊಟ್ಟರೆ ತುಂಬಾ ಉಪಕಾರವಾಗುತ್ತದೆ.