ಕರ್ನಾಟಕದಲ್ಲಿ ಬಂಡೆ ಏರುವವರು ಎಷ್ಟು ಮಂದಿ? ಯಾರನ್ನು ಎಣಿಸಬೇಕು?

ಕಲ್ಲುಹಾದಿ: ರಾಮನಗರದ ಕೆಲವು ಬಂಡೆಗಳಲ್ಲಿ ಶಿಲಾರೋಹಣಕ್ಕೆ ಅನುಮತಿ ಕೇಳಿ ಅರಣ್ಯ ಇಲಾಖೆಗೆ ಮನವಿ ಬರೆಯುತ್ತಿದ್ದೇವೆ. ‘ರಾಜ್ಯದಲ್ಲಿ ಹತ್ತು ಸಾವಿರ ಶಿಲಾರೋಹಿಗಳಿದ್ದಾರೆ’ ಎಂದು ಸೇರಿಸೋಣ ಎಂಬುದು ಗೆಳೆಯರೊಬ್ಬರ ಸಲಹೆ. ಈ ಲೆಕ್ಕ ಎಲ್ಲಿಂದ ಬಂತು ಎಂದು ಕೇಳಿದರೆ ವಾಟ್ಸ್‌ಆ್ಯಪ್ ಗುಂಪುಗಳ ಸದಸ್ಯರನ್ನೆಲ್ಲ ಕೂಡಿಸಿದ್ದಾರಂತೆ. ಒಬ್ಬರೇ ನಾಲ್ಕು ಗುಂಪಿನಲ್ಲಿದ್ದರೆ ನಾಲ್ವರಾದರು! ನೀವು ಯಾರನ್ನು ಎಣಿಸುತ್ತೀರಿ?

ಸೀಮೆಸುಣ್ಣ: ಕೂಡಿಸಿದ್ದು ತಪ್ಪಿರಬಹುದು, ಆದರೆ ಸಂಖ್ಯೆ ದೊಡ್ಡದೇ. ಏರುವ ಅಭ್ಯಾಸಕ್ಕೆಂದು ಕಟ್ಟಿದ ಬೆಂಗಳೂರಿನ ಒಳಾಂಗಣ ಗೋಡೆಗಳಿಗೆ ಒಂದು ಶನಿವಾರ ಹೋಗಿ ನೋಡಿ, ಕಾಲಿಡಲು ಜಾಗವಿರುವುದಿಲ್ಲ. 2021ರಲ್ಲಿ ನಡೆದ ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಈ ಕ್ರೀಡೆ ಮೊದಲ ಬಾರಿಗೆ ಸೇರಿತು, 2024ರ ಪ್ಯಾರಿಸ್‌ನಲ್ಲಿ ಸ್ಪೀಡ್ ಸ್ಪರ್ಧೆಗೆ ಪ್ರತ್ಯೇಕ ಪದಕವೂ ಬಂತು. ಮಕ್ಕಳನ್ನು ತಾವಾಗಿಯೇ ಕರೆತರುವ ಪೋಷಕರು ಈಗ ಕಾಣುತ್ತಿದ್ದಾರೆ. ಇವರೆಲ್ಲ ಲೆಕ್ಕಕ್ಕಿಲ್ಲವೇ?

ಹಳೆಯ ಹಗ್ಗ: ಹುಟ್ಟುಹಬ್ಬಕ್ಕೆ ಒಮ್ಮೆ ಬಂದು ಫೋಟೊ ತೆಗೆಸಿಕೊಂಡು ಹೋದವರನ್ನು ಎಣಿಸಿ ಏನು ಉಪಯೋಗ? ನನ್ನ ಅಳತೆ ಬೇರೆ. ಲೀಡ್ ಮಾಡುವವನು, ಅಂದರೆ ಹಗ್ಗ ಕಟ್ಟಿಕೊಂಡು ಮೊದಲು ಏರುವವನು, ಬಂಡೆಗೆ ಹೊಡೆದು ಹಗ್ಗ ಸಿಕ್ಕಿಸಿದ ಕೊನೆಯ ಬೋಲ್ಟ್‌ಗಿಂತ ಎರಡು ಮೀಟರ್ ಮೇಲಿದ್ದಾನೆ ಎಂದುಕೊಳ್ಳಿ. ಕಾಲು ಜಾರಿದರೆ ಕನಿಷ್ಠ ನಾಲ್ಕು ಮೀಟರ್ ಬೀಳುತ್ತಾನೆ, ಹಗ್ಗದ ಹಿಗ್ಗುವಿಕೆ ಮತ್ತು ಸಡಿಲ ಸೇರಿ ಇನ್ನೂ ಹೆಚ್ಚು. ಆ ಕ್ಷಣದಲ್ಲಿ ಕೆಳಗೆ ಹಗ್ಗ ಹಿಡಿದಿರುವ ಬಿಲೇಯರ್‌ನ ಬ್ರೇಕ್ ಕೈ, ಅಂದರೆ ಹಗ್ಗ ತಡೆಯುವ ಕೈ, ಹಗ್ಗದ ಮೇಲೆಯೇ ಇರಬೇಕು. ಮೊಬೈಲ್ ಮೇಲಲ್ಲ, ಬಾಳೆಹಣ್ಣಿನ ಮೇಲಲ್ಲ (ಕಣ್ಣಾರೆ ಕಂಡಿದ್ದೇನೆ). ಏರುವವರು ಬೇಕಾದಷ್ಟು ಸಿಗುತ್ತಾರೆ, ನಂಬಿ ಹಗ್ಗ ಕೊಡಬಹುದಾದ ಬಿಲೇಯರ್‌ಗಳು ಸಿಗುವುದಿಲ್ಲ. ನಮ್ಮ ಸಮುದಾಯದ ಗಾತ್ರ ಎಂದರೆ ಅವರ ಸಂಖ್ಯೆ.

ಸೀಮೆಸುಣ್ಣ: ಹಾಗಾದರೆ ಹಂಪಿಯ ಬೌಲ್ಡರಿಂಗ್ ಮಂದಿ, ಅಂದರೆ ತಗ್ಗು ಬಂಡೆ ಏರುವವರು, ಎಲ್ಲಿ ಹೋದರು? ಅಲ್ಲಿ ಹಗ್ಗವೇ ಇಲ್ಲವಲ್ಲ.

ಹಳೆಯ ಹಗ್ಗ: ಹಂಪಿಯಲ್ಲಿ ಚಳಿಗಾಲಕ್ಕೆ ಬಂದು ಹೋಗುವ ವಿದೇಶಿಯರನ್ನು ಕರ್ನಾಟಕದ ಸಮುದಾಯ ಎನ್ನಲು ನನಗಂತೂ ಮನಸ್ಸಿಲ್ಲ. ಅದೂ ಅಲ್ಲದೆ, 2020ರಲ್ಲಿ ಸುಪ್ರೀಂ ಕೋರ್ಟ್ ಆದೇಶದ ಬಳಿಕ ಹಂಪಿಯ ಎದುರಿನ ವಿರೂಪಾಪುರ ಗಡ್ಡೆಯ ವಸತಿಗೃಹಗಳು ತೆರವಾದ ಮೇಲೆ ಏರುವವರ ಹಳೆಯ ಬೀಡೇ ಚದುರಿತು.

ಬಾದಾಮಿಯವನು: ನೀವೆಲ್ಲ ಬೆಂಗಳೂರಿನ ಕಿಟಕಿಯಿಂದಲೇ ರಾಜ್ಯ ನೋಡುತ್ತಿದ್ದೀರಿ. ನಮ್ಮೂರಿನ ಮರಳುಗಲ್ಲಿನ ಗೋಡೆಗಳ ಕೆಳಗೇ ಬೆಳೆದ ಹುಡುಗರಿದ್ದಾರೆ. ಮಳೆ ನಿಂತ ಮೇಲೆ ಯಾವ ಬಿರುಕು ಎಷ್ಟು ದಿನ ಒಸರುತ್ತದೆ, ಯಾವ ಬೋಲ್ಟ್ ತುಕ್ಕು ಹಿಡಿದಿದೆ ಎಂದು ನಿದ್ದೆಯಲ್ಲಿ ಕೇಳಿದರೂ ಹೇಳುತ್ತಾರೆ. ಕಾಲಿಗೆ ಯಾರೋ ಬಿಟ್ಟುಹೋದ ಕ್ಲೈಂಬಿಂಗ್ ಶೂ, ಹೆಬ್ಬೆರಳಿನ ಹತ್ತಿರ ರಬ್ಬರ್ ಸವೆದು ತೂತು, ಅದಕ್ಕೆ ಸೈಕಲ್ ಟ್ಯೂಬಿನ ತೇಪೆ. ವಾರಾಂತ್ಯದಲ್ಲಿ ನಿಮ್ಮ ಹಗ್ಗದ ಚೀಲ ಹೊರುತ್ತಾರೆ, ರೂಟ್ ತೋರಿಸುತ್ತಾರೆ. ನಿಮ್ಮ ಪಟ್ಟಿಯಲ್ಲಿ ಅವರು ‘ಸಹಾಯಕರು’.

ಇನ್ನೊಂದು ಮಾತು. ಊರಿನ ಯಾರನ್ನಾದರೂ ಕರೆದು ಬಂಡೆ ಏರುವ ಒಬ್ಬರ ಹೆಸರು ಹೇಳಿ ಎಂದರೆ ಚಿತ್ರದುರ್ಗದ ಜ್ಯೋತಿರಾಜ್ ಅವರ ಹೆಸರನ್ನೇ ಹೇಳುತ್ತಾರೆ. ಬರಿಗೈಯಲ್ಲಿ ಕೋಟೆಯ ಗೋಡೆ ಏರುವ ಅವರು ನಿಮ್ಮ ಯಾವ ಕಾಲಂಗೆ ಸೇರುತ್ತಾರೆ?

ಹಳೆಯ ಹಗ್ಗ: ಅವರ ಬಗ್ಗೆ ಗೌರವವಿದೆ. ಆದರೆ ಹಗ್ಗವಿಲ್ಲದ ಸಾಹಸವನ್ನು ಮನವಿಯಲ್ಲಿ ಬರೆದರೆ ಅನುಮತಿಯ ಆಸೆ ಅಲ್ಲಿಗೇ ಮುಗಿಯಿತು.

ಎಡಗಾಲು: ಇಷ್ಟು ಹೊತ್ತು ಮಾತಾಡಿದಿರಿ, ಮಹಿಳೆಯರ ಸುದ್ದಿಯೇ ಬರಲಿಲ್ಲ. ನಾನು ಹೋಗುವ ಒಳಾಂಗಣ ಗೋಡೆಯಲ್ಲಿ ಸಂಜೆ ಹೊತ್ತು ಹೆಂಗಸರು, ಗಂಡಸರು ಸರಿಸಮ ಇರುತ್ತಾರೆ. ಬಂಡೆಯ ಬುಡಕ್ಕೆ ಹೋದರೆ ಗುಂಪಿನಲ್ಲಿ ನಾನೊಬ್ಬಳೇ ಆಗುವುದುಂಟು. ತೋಳಿನ ಬಲ ಸಾಲದೆ ಅಲ್ಲ. ಬಿಸಿಲೇರುವ ಮೊದಲು ಅಲ್ಲಿರಬೇಕೆಂದರೆ ಕತ್ತಲಲ್ಲೇ ಮನೆ ಬಿಡಬೇಕು, ಯಾರ ಜೊತೆ ಎಂದು ಮನೆಯಲ್ಲಿ ವಿವರಿಸಬೇಕು. ಅಲ್ಲಿ ಶೌಚಾಲಯವಿಲ್ಲ, ಮಧ್ಯಾಹ್ನದವರೆಗೆ ನೀರು ಕುಡಿಯದೆ ಏರುವ ಗೆಳತಿಯರಿದ್ದಾರೆ. ಮನವಿಯಲ್ಲಿ ತಲೆ ಎಣಿಸುವ ಮೊದಲು ಅದನ್ನು ಬರೆಯಿರಿ.

ಬೆಟ್ಟದ ನೆರೆಯವ: ನಾನು ಏರುವವನಲ್ಲ, ಹಕ್ಕಿ ನೋಡುವವನು. ರಾಮನಗರದ ರಾಮದೇವರ ಬೆಟ್ಟವನ್ನು 2012ರಲ್ಲಿ ರಣಹದ್ದು ಧಾಮ ಎಂದು ಘೋಷಿಸಿದ್ದಾರೆ. ಉದ್ದಕೊಕ್ಕಿನ ರಣಹದ್ದು ಗೂಡು ಕಟ್ಟುವುದು ಕಡಿದಾದ ಬಂಡೆಯ ಚಾಚುಗಳ ಮೇಲೆ, ಅದೂ ಚಳಿಗಾಲದಲ್ಲಿ. ಬಂಡೆ ತಣ್ಣಗಿದ್ದು ನಿಮಗೆ ಒಳ್ಳೆಯ ಹಿಡಿತ ಸಿಗುವುದೂ ಅದೇ ಕಾಲದಲ್ಲಿ. ‘ಹತ್ತು ಸಾವಿರ’ ಎಂದು ಬರೆದರೆ ಅಧಿಕಾರಿಗೆ ಕಾಣುವುದು ಇಪ್ಪತ್ತು ಸಾವಿರ ಕಾಲುಗಳು. ಎಷ್ಟು ಮಂದಿ ಎನ್ನುವುದಕ್ಕಿಂತ ಯಾವ ತಿಂಗಳುಗಳಲ್ಲಿ ಯಾವ ಬಂಡೆ ಬಿಟ್ಟುಕೊಡುತ್ತೀರಿ ಎಂದು ಬರೆಯಿರಿ.

ಸೀಮೆಸುಣ್ಣ: ಸರಿ, ಅರಣ್ಯ ಇಲಾಖೆಗೆ ಚಿಕ್ಕ ಸಂಖ್ಯೆ, ಕ್ರೀಡಾ ಇಲಾಖೆಗೆ ದೊಡ್ಡ ಸಂಖ್ಯೆ! ನಗುವುದಕ್ಕೆ ಹೇಳುತ್ತಿಲ್ಲ. ಜನರಿಲ್ಲ ಎಂದರೆ ಜಿಲ್ಲೆಗಳಲ್ಲಿ ಹೊಸ ಗೋಡೆ ಯಾರು ಕಟ್ಟಿಸುತ್ತಾರೆ?

ಕಲ್ಲುಹಾದಿ: ಈ ಮನವಿಯಲ್ಲಂತೂ ಒಟ್ಟು ಸಂಖ್ಯೆ ಬಿಡುತ್ತೇನೆ. ಲೀಡ್ ಮತ್ತು ಬಿಲೇ ಎರಡನ್ನೂ ಬಲ್ಲವರ ಹೆಸರುಪಟ್ಟಿ, ಗೂಡಿನ ತಿಂಗಳುಗಳಲ್ಲಿ ದೂರವಿರುವ ಒಪ್ಪಿಗೆ, ಶೌಚಾಲಯದ ಬೇಡಿಕೆ, ಇಷ್ಟು ಹೋಗಲಿ. ಒಳಾಂಗಣದವರ ಲೆಕ್ಕ ಕ್ರೀಡಾ ಇಲಾಖೆಗೆ ಬರೆಯುವಾಗ ನೋಡೋಣ. ಬಾದಾಮಿಯವರೇ, ರಾಮನಗರಕ್ಕೂ ಬಂದು ಏರುವ ನಿಮ್ಮ ಹುಡುಗರ ಹೆಸರು ಕಳುಹಿಸುತ್ತೀರಾ?

ಬಾದಾಮಿಯವನು: ಕಳುಹಿಸುತ್ತೇನೆ. ಲೀಡ್ ಮಾಡುವವರ ಸಾಲಿನಲ್ಲೇ ಹಾಕಬೇಕು, ‘ಸಹಾಯಕರು’ ಎಂಬ ಕಾಲಂ ಇದ್ದರೆ ಮೊದಲು ಅದನ್ನು ಅಳಿಸಿ.